ಆನೆ ಟೋಪಿ, ಕುರಿ ಟೋಪಿ

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ನಾನು ಹೊಲಿಸಲಿಲ್ಲ, ಹೆಣೆದೆ. ಎಡಿನ್‌ಬರೋದಲ್ಲಿರುವ ಅಕ್ಕನಿಗೆ ನವೆಂಬರ್‌ನಲ್ಲಿ ಡೆಲಿವರಿ ಅಂತ ಗೊತ್ತಾದ ದಿನವೇ ಆನ್‌ಲೈನ್‌ನಲ್ಲಿ 450 ರೂಪಾಯಿ ಕೊಟ್ಟು ಒಂದು ಪ್ಯಾಟರ್ನ್ ತಗೊಂಡೆ. ಬಿಳಿ ಹಿನ್ನೆಲೆ, ಅದರ ಮೇಲೆ ಸೊಂಡಿಲೆತ್ತಿ ನಡೆಯೋ ನಾಲ್ಕು ಬೂದು ಆನೆ. ಫೋಟೋದಲ್ಲಿ ಎಷ್ಟು ಮುದ್ದಾಗಿತ್ತು ಅಂದ್ರೆ, ನಮ್ಮ ಮಗು ಅಲ್ಲಿನ ಚಳಿಯಲ್ಲಿ ನಮ್ಮೂರಿನ ಆನೆ ಹೊತ್ತುಕೊಂಡು ತಿರುಗುತ್ತೆ ಅಂತ ಆಗಲೇ ಕನಸು ಕಂಡಾಗಿತ್ತು.

ಮೂರು ವಾರ ಆಫೀಸ್ ಕಾಲ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿ ಹೆಣೆದೆ. ಮುಗಿದಾಗ ಆನೆಗಳು ಬಂದಿದ್ದವು, ಆದರೆ ಯಾರೋ ಮೇಲೆ ಕೂತು ಎದ್ದ ಹಾಗಿದ್ದವು. ಕಾಲು ಮೋಟು, ಹೊಟ್ಟೆ ಚಪ್ಪಟೆ, ಸೊಂಡಿಲು ನೆತ್ತಿಯ ಹತ್ತಿರ ಹೋಗಿ ಸೊಟ್ಟಗೆ ಬಾಗಿತ್ತು. ಟೋಪಿ ಹೆಣೆಯೋಕೆ ಹೋಗಿ ಟೋಪಿ ಹಾಕಿಸಿಕೊಂಡಿದ್ದೆ.

ಆಗ ಧಾರವಾಡದ ಅಜ್ಜಿ ನಮ್ಮನೆಗೆ ಬಂದಿದ್ದಳು. ಎಪ್ಪತ್ತು ದಾಟಿದರೂ ಇವತ್ತಿಗೂ ಕನ್ನಡಕ ಏರಿಸಿ ಕಸೂತಿ ಹಾಕೋ ಹೆಂಗಸು. ಟೋಪಿ ಕೈಗೆ ಕೊಟ್ಟೆ. ಅವಳು ಮೊದಲು ಮಾಡಿದ ಕೆಲಸ ಅದನ್ನ ಒಳಗು ಹೊರಗು ಮಾಡಿದ್ದು. ಒಳಗೆ ಬಿಳಿ ದಾರ ಉದ್ದುದ್ದ ಜೋತಾಡುತ್ತಿತ್ತು. ಕಿರುಬೆರಳು ಒಳಗೆ ತೂರಿಸಿ ಎಳೆದಳು, ಹೊರಗಿನ ಆನೆಯ ಹೊಟ್ಟೆ ಸುಕ್ಕಾಯಿತು.

‘ಕೂಸಿನ ಬೆರಳು ಸಿಕ್ಕೊಂಡ್ರ ಏನ್ ಮಾಡ್ತೀ ತಂಗಿ?’ ಅಂದಳು. ಆಮೇಲೆ ಹೊರಗಡೆ ತಿರುಗಿಸಿ ನೋಡಿ, ‘ನೀ ಆನಿ ಬರದೀ. ಎಣಿಸಿಲ್ಲ’ ಅಂದಳು.

ನಾನು ಬರೆದಿದ್ದಲ್ಲ, ಯಾರೋ ಬರೆದಿದ್ದು. ಆದರೆ ಮಾತು ಸರಿ. ಅವತ್ತಿಂದ ಪ್ರಾಣಿ ಇರೋ ಟೋಪಿ ಎಲ್ಲಿ ಕಂಡರೂ ನಾನು ಆ ಒಂದೇ ಪ್ರಶ್ನೆ ಕೇಳ್ತೀನಿ: ಇದನ್ನ ಬರೆದಿದ್ದಾರೋ, ಎಣಿಸಿದ್ದಾರೋ?

ಕಸೂತಿಯಲ್ಲಿ ಬಟ್ಟೆ ಮೇಲೆ ಮೊದಲೇ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿಕೊಳ್ಳೋ ಪದ್ಧತಿ ಇಲ್ಲ. ಎಳೆ ಎಣಿಸಿಕೊಂಡೇ ಹೋಗಬೇಕು. ಅಂಬಾರಿ ಹೊತ್ತ ಆನೆ, ನವಿಲು, ರಥ, ಗೋಪುರ ಎಲ್ಲವೂ ಹಾಗೆ ಹುಟ್ಟಿದವು. ಅದಕ್ಕೇ ಕಸೂತಿ ಆನೆಗೆ ಮೂಲೆಗಳಿವೆ, ಮೆಟ್ಟಿಲಿನಂಥ ಬೆನ್ನಿದೆ. ನಿಜವಾದ ಆನೆ ಹಾಗಿರಲ್ಲ ಅಂತ ಯಾರೂ ದೂರೋದಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಅಂಥ ಕೈಗೆ ನನ್ನ ಟೋಪಿಯ ಒಳಗಡೆ ನೋಡಿ ಏನನ್ನಿಸಿರಬೇಡ!

ಹೆಣಿಗೆಯಲ್ಲೂ ಚೌಕಗಳೇ. ಆದರೆ ಇಲ್ಲೊಂದು ಮೋಸ ಇದೆ. ಗ್ರಾಫ್ ಪೇಪರಿನ ಮನೆ ಸಮಚೌಕ, ಹೆಣೆದ ಸ್ಟಿಚ್ ಹಾಗಲ್ಲ, ಅದು ಅಗಲ ಜಾಸ್ತಿ, ಎತ್ತರ ಕಡಿಮೆ ಇರೋ ಪುಟ್ಟ ‘ವಿ’. ನನ್ನ ಟೋಪಿಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 24 ಸ್ಟಿಚ್ ಬರುತ್ತಿದ್ದವು, ಅಷ್ಟೇ ಎತ್ತರಕ್ಕೆ 28 ಸಾಲು ಬೇಕಿತ್ತು. ಆನೆ 24 ಸ್ಟಿಚ್ ಅಗಲ, 20 ಸಾಲು ಎತ್ತರ. ಲೆಕ್ಕ ಹಾಕಿ. ಅಗಲ 10 ಸೆಂಟಿಮೀಟರ್ ಆಗುತ್ತೆ, ಎತ್ತರ 7 ಚಿಲ್ಲರೆ. ಡಿಸೈನರ್ ಸ್ಕ್ರೀನಿನ ಮೇಲೆ ನೋಡಿದ್ದು ಒಂದು ಆನೆ, ನನ್ನ ಕಡ್ಡಿಯಲ್ಲಿ ಬಂದಿದ್ದು ಇನ್ನೊಂದು. ಫೋಟೋದಲ್ಲಿ ಹೇಗೆ ಸರಿಯಾಗಿತ್ತು ಅಂತ ಕೇಳಬೇಡಿ. ಮಗುವಿನ ತಲೆ ಮೇಲೆ ಎಳೆದು ಕೂರಿಸಿದರೆ ಏನು ಬೇಕಾದರೂ ಉದ್ದ ಆಗುತ್ತೆ.

ಎರಡನೇದು ಹಿಂದಿನ ದಾರ. ಎರಡು ಬಣ್ಣದಲ್ಲಿ ಹೆಣೆಯುವಾಗ ಒಂದು ಬಣ್ಣ ಮುಂದೆ ಕೆಲಸ ಮಾಡುತ್ತಿದ್ದರೆ ಇನ್ನೊಂದು ಹಿಂದೆ ಕಾಯುತ್ತಾ ಬರುತ್ತೆ. ಟೋಪಿ ಬೆಚ್ಚಗಿರೋದೇ ಅದರಿಂದ, ಬಟ್ಟೆ ಎರಡು ಪದರ ಆಗುತ್ತಲ್ಲ. ಆದರೆ ಕಾಯೋ ದಾರ ಐದಾರು ಸ್ಟಿಚ್ ದಾಟಿದರೆ ಜೋತು ಬೀಳುತ್ತೆ. ನನ್ನ ಆನೆಯ ಹೊಟ್ಟೆಯಲ್ಲಿ ಒಂದೇ ಸಮ 14 ಬೂದು ಸ್ಟಿಚ್, ಅಂದ್ರೆ ಹಿಂದೆ ಹೆಚ್ಚುಕಡಿಮೆ 6 ಸೆಂಟಿಮೀಟರ್ ಬಿಳಿ ದಾರ ಅನಾಥ. ನಡುನಡುವೆ ಸಿಕ್ಕಿಸಿಕೊಂಡು ಹೋಗಬಹುದು, ಆದರೆ ಬೂದು ಮೈಯಲ್ಲಿ ಬಿಳಿ ಚುಕ್ಕೆ ಇಣುಕುತ್ತೆ. ಯಾವುದನ್ನ ಸಹಿಸಿಕೊಳ್ಳಬೇಕು ಅಂತಾದರೂ ಪ್ಯಾಟರ್ನ್ ಹೇಳಬೇಕಿತ್ತು, ಒಂದಕ್ಷರ ಇರಲಿಲ್ಲ. ಮಕ್ಕಳ ಟೋಪಿ ಅಂತ ಮಾರುವವರು ಮಕ್ಕಳಿಗೆ ಬೆರಳಿರುತ್ತೆ ಅನ್ನೋದನ್ನ ಮರೆತರೆ ಹೇಗೆ?

ನೆತ್ತಿಯ ಕಥೆ ಬೇರೆ. ಟೋಪಿ ಮೇಲೆ ಹೋದ ಹಾಗೆ ಸ್ಟಿಚ್ ಕಮ್ಮಿ ಮಾಡುತ್ತಾ ಮುಚ್ಚಬೇಕು. ಆ ಜಾಗಕ್ಕೆ ಪ್ರಾಣಿ ಕಾಲಿಡಬಾರದು. ಇಟ್ಟರೆ ನಮ್ಮ ಸೊಂಡಿಲಿನ ಗತಿ.

ಟೋಪಿ ಕಳಿಸಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಕ್ಕನಿಗೆ ತೋರಿಸಿದಾಗ ‘ಹಂದಿ ಚೆನ್ನಾಗಿದೆ ಕಣೇ’ ಅಂದಳು. ಅಲ್ಲಿಗೆ ಮುಗೀತು.

ಅಕ್ಕನೇ ಆಮೇಲೆ ಕುರಿ ಟೋಪಿಯ ಸುದ್ದಿ ಹೇಳಿದ್ದು. ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದಲ್ಲಿರುವ ಶೆಟ್‌ಲೆಂಡ್ ದ್ವೀಪಗಳಲ್ಲಿ ವರ್ಷಾ ವರ್ಷ ಉಣ್ಣೆ ವಾರ ಅಂತ ನಡೆಯುತ್ತೆ. ಅದಕ್ಕೊಂದು ಟೋಪಿ ಪ್ಯಾಟರ್ನ್ ಬಿಡುಗಡೆ ಮಾಡ್ತಾರೆ. 2015ರದ್ದು ಡೋನಾ ಸ್ಮಿತ್ ಮಾಡಿದ ‘ಬಾಬಲ್ ಹ್ಯಾಟ್’. ಕುರಿಯ ‘ಬ್ಯಾ’ ಸೇರಿಸಿ, ತುದಿಯ ಉಣ್ಣೆ ಉಂಡೆಗೆ ಅವರು ಹೇಳೋ ಹೆಸರನ್ನ ತಿರುಚಿದ ತಮಾಷೆ. ಕೆಳಗೆ ಹುಲ್ಲು, ಸುತ್ತಲೂ ಕುರಿಗಳ ಸಾಲು, ತುದಿಯಲ್ಲಿ ಉಂಡೆ. ಉಚಿತವಾಗಿ ಕೊಟ್ಟಿದ್ದರು.

ಮುದ್ದು ಅಂದ್ರೆ ನನಗೆ ಈಗ ಭಯ. ಆದರೂ ಹೆಣೆದೆ, ಮಗುವಿನ ಅಳತೆಗೆ ದಾರ ತೆಳ್ಳಗೆ ಮಾಡಿಕೊಂಡು. ಇದು ಎಣಿಸಿದ ಪ್ರಾಣಿ ಅಂತ ಮೊದಲ ಸುತ್ತಿನಲ್ಲೇ ಗೊತ್ತಾಯಿತು. ಕುರಿ ಅಂದರೇನು? ಮೋಡದಂಥ ಒಂದು ಉಂಡೆ, ಒಂದು ಕಪ್ಪು ಮುಖ, ಕಡ್ಡಿಯಂಥ ಕಾಲು. ಚಪ್ಪಟೆಯಾದರೆ ಇನ್ನೂ ಕುರಿಯಂತೆಯೇ ಕಾಣುತ್ತೆ. ಅಂಚು ಮೆಟ್ಟಿಲು ಮೆಟ್ಟಿಲಾದರೆ ಉಣ್ಣೆ ಗುಂಗುರಾಗಿದೆ ಅನ್ನಿಸುತ್ತೆ. ಹೆಣಿಗೆಯ ದೋಷಗಳೆಲ್ಲ ಕುರಿಯ ಲಕ್ಷಣಗಳೇ. ಜಿರಾಫೆಗೆ, ಕುದುರೆಗೆ ಈ ಭಾಗ್ಯ ಇಲ್ಲ. ಕಾಲು ಮೋಟಾದ ಕುದುರೆ ಕತ್ತೆ ಆಗಿಬಿಡುತ್ತೆ.

ಇನ್ನೊಂದು ಲಾಭ ನನಗೆ ಹೆಣೆಯುತ್ತಾ ಹೊಳೆಯಿತು. ಪ್ರಾಣಿ ಚಿಕ್ಕದಾದಷ್ಟೂ ಟೋಪಿಯ ಅಳತೆ ನಮ್ಮ ಕೈಯಲ್ಲಿರುತ್ತೆ. ಒಂದು ಕುರಿ ತೆಗೆದರೆ ಸಣ್ಣ ತಲೆ, ಒಂದು ಸೇರಿಸಿದರೆ ದೊಡ್ಡ ತಲೆ. ನಾಲ್ಕು ಆನೆಯಲ್ಲಿ ಒಂದನ್ನ ತೆಗೆಯೋಕೆ ಹೋದರೆ ಟೋಪಿಯ ಕಾಲು ಭಾಗವೇ ಮಾಯ. ಮತ್ತೆ, ದೊಡ್ಡ ಪ್ರಾಣಿಯಾದರೆ ಎದುರಿಂದ ನೋಡೋರಿಗೆ ಕಾಣೋದು ಒಂದೂವರೆ. ಅರ್ಧ ಆನೆ ಕಿವಿ ಹಿಂದೆ ಹೋಗಿರುತ್ತೆ. ಸಣ್ಣ ಕುರಿಗಳು ಎಲ್ಲಿಂದ ನೋಡಿದರೂ ಮಂದೆ.

ಹೆಣೆಯೋರಿಗೊಂದು ಮಾತು, ಉಳಿದವರು ಈ ಪ್ಯಾರಾ ಹಾರಿಸಿ. ಎರಡು ದಾರದಲ್ಲಿ ಯಾವುದು ಕೆಳಗಿಂದ ಬರುತ್ತೋ ಅದು ಒಂಚೂರು ಉಬ್ಬಿ ಮುಂದೆ ಕಾಣುತ್ತೆ. ಪ್ರಾಣಿಯ ಬಣ್ಣವನ್ನ ಯಾವಾಗಲೂ ಕೆಳಗಿಂದಲೇ ತನ್ನಿ. ನಾನು ಚಹಾ ಕುಡಿದು ಬಂದು ಅದಲು ಬದಲು ಮಾಡಿದ ಒಂದು ಸುತ್ತಿನಲ್ಲಿ ಕುರಿಗಳೆಲ್ಲ ಕೆಸರಲ್ಲಿ ಹೂತ ಹಾಗೆ ಕಾಣ್ತವೆ.

ಹಾಗಂತ ದೊಡ್ಡ, ವಿವರವಾದ ಪ್ರಾಣಿ ಟೋಪಿ ಮೇಲೆ ಸಾಧ್ಯವೇ ಇಲ್ಲ ಅಂತಲ್ಲ. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ಟಕೀಲೆ ಅಂತ ದ್ವೀಪ ಇದೆ. ಅಲ್ಲಿ ಟೋಪಿ ಹೆಣೆಯೋರು ಗಂಡಸರು. ಹುಡುಗರು ಚಿಕ್ಕಂದಿನಲ್ಲೇ ಕಲೀತಾರೆ. ಕಿವಿ ಮುಚ್ಚೋ ಆ ‘ಚುಲ್ಯೊ’ ನೋಡಿದರೆ ಮದುವೆ ಆಗಿದೆಯೋ ಇಲ್ಲವೋ ಅಂತಲೂ ಅವರಿಗೆ ಗೊತ್ತಾಗುತ್ತೆ. ಟಕೀಲೆಯ ನೇಯ್ಗೆ ಹೆಣಿಗೆಯ ಕಲೆಯನ್ನ ಯುನೆಸ್ಕೋ 2005ರಲ್ಲಿ ಗುರುತಿಸಿತು. ಆಂಡೀಸ್‌ನ ಒಳ್ಳೆ ಚುಲ್ಯೊಗಳಲ್ಲಿ ಹಕ್ಕಿಗಳು, ಲಾಮಾಗಳು ಎಷ್ಟು ಸ್ಫುಟವಾಗಿ ನಿಲ್ಲುತ್ತವೆ ಅಂದ್ರೆ ಹೊಟ್ಟೆಕಿಚ್ಚಾಗುತ್ತೆ. ಗುಟ್ಟು ಇಷ್ಟೇ: ದಾರ ಸಣ್ಣ, ಸ್ಟಿಚ್ ಸಣ್ಣ. ನಮ್ಮ ದಪ್ಪ ದಾರದಲ್ಲಿ ಒಂದು ಸ್ಟಿಚ್ ಬರೋ ಜಾಗದಲ್ಲಿ ಅವರದು ಹಲವು. ಆಗ ಪ್ರಾಣಿಗೆ ಗೊರಸೂ ಇರಬಹುದು. ಬದಲಿಗೆ ತಿಂಗಳುಗಟ್ಟಲೆ ಕೂರಬೇಕು. ನಮಗೆ ಶನಿವಾರ ಶುರು ಮಾಡಿ ಭಾನುವಾರ ರಾತ್ರಿ ಸ್ಟೇಟಸ್ ಹಾಕಬೇಕು, ಪ್ರಾಣಿಯೂ ಹುಲಿಯೇ ಆಗಬೇಕು. ಇದು ಡೆಡ್‌ಲೈನ್ ಒತ್ತಿಹೇಳೋ ಮ್ಯಾನೇಜರ್ ಬುದ್ಧಿ, ಅಲ್ವಾ? ಟೂರಿಸ್ಟ್ ಅಂಗಡಿಗಳ ಮಷಿನ್ ಲಾಮಾ ಟೋಪಿಗಳು ಹುಟ್ಟೋದು ಅಂಥ ಗಿರಾಕಿಗಳಿಗಾಗಿಯೇ.

ಬಾಬಲ್ ಟೋಪಿಯ ಬಗ್ಗೆ ನನಗೆ ತಕರಾರೂ ಇದೆ. ಅದರ ಕುರಿ ಎಣಿಸಿದ ಕುರಿ ಹೌದು, ಆದರೆ ಯಾರ ಕುರಿ? ಶೆಟ್‌ಲೆಂಡಿನ ಹಳೇ ಫೇರ್ ಐಲ್ ಟೋಪಿಗಳಲ್ಲಿ ಹೆಚ್ಚಾಗಿ ಕಾಣೋದು ಆಕೃತಿಗಳು: ಶಿಲುಬೆ, ಷಟ್ಕೋನ, ವಜ್ರದಂಥವು. ಒಂದು ಸಾಲಿನಲ್ಲಿ ಎರಡೇ ಬಣ್ಣ ಅನ್ನೋ ಕಟ್ಟುಪಾಡಿನೊಳಗೆ ಎಷ್ಟೊಂದು ಆಟ ಅವು! ಬಾಬಲ್ ಕುರಿ ಅದರ ಪಕ್ಕದಲ್ಲಿ ಸ್ವಲ್ಪ ಪ್ರವಾಸೋದ್ಯಮ ಇಲಾಖೆಯ ಕುರಿಯಂತೆ ನಗುತ್ತೆ. ಒಂದು ಟೋಪಿ ಚೆಂದ, ಬಸ್ಸಿನ ತುಂಬ ಅದೇ ಟೋಪಿ ಕಂಡರೆ ಲೋಗೋ ಅನ್ನಿಸುತ್ತೆ.

ಅದಕ್ಕಿಂತ ಒಂದು ಕೈ ಮೇಲು ಅಂತ ನನಗೆ ಅನ್ನಿಸೋದು ಕೇಟ್ ಡೇವಿಸ್ ಅವರ ‘ಶೀಪ್ ಹೀಡ್’. ಸ್ಕಾಟ್ ಮಾತಲ್ಲಿ ಕುರಿತಲೆ. ಅಗಲ ತಟ್ಟೆಯಂಥ ಟ್ಯಾಮ್ ಟೋಪಿ, ಸುತ್ತಲೂ ಕುರಿಗಳು. ವಿಶೇಷ ಏನಪ್ಪಾ ಅಂದ್ರೆ ಅದರ ಒಂಬತ್ತು ಬಣ್ಣಕ್ಕೂ ಬಣ್ಣವನ್ನೇ ಹಾಕಿಲ್ಲ. ಶೆಟ್‌ಲೆಂಡ್ ಕುರಿಗಳ ಮೈಮೇಲೆ ಇರೋ ಬಣ್ಣಗಳೇ ಅವು. ಕೆಂಗಂದು ಉಣ್ಣೆಗೆ ಅವರು ಮೂರಿಟ್ ಅಂತಾರೆ, ಕಡುಬೂದಿಗೆ ಶೀಲಾ. ಅಂದರೆ ಟೋಪಿಯ ಮೇಲಿನ ಕುರಿ ಬರೀ ಕುರಿಯ ಚಿತ್ರ ಅಲ್ಲ, ಕುರಿಯೇ. ಭಾವ ಬಂದಾಗ ತಂದುಕೊಟ್ಟ ದಾರದಲ್ಲಿ ನಾನು ಹೆಣೆಯುತ್ತಿದ್ದರೆ ಅಜ್ಜಿ ಒಂದು ಉಂಡೆ ಎತ್ತಿ ಮೂಸಿ, ‘ಕಂಬಳಿ ವಾಸನಿ’ ಅಂದಳು. ನಮ್ಮ ಕರಿ ಕಂಬಳಿಯೂ ಬಣ್ಣ ಹಾಕಿದ್ದಲ್ಲವಲ್ಲ, ದಖ್ಖನಿ ಕುರಿಯ ಸ್ವಂತ ಬಣ್ಣ. ಚಳ್ಳಕೆರೆ ಕಡೆಯ ಕಂಬಳಿ ಹೊದ್ದವರಿಗೆ ಈ ಸ್ಕಾಟ್ ಟೋಪಿ ಬೇಗ ಅರ್ಥ ಆಗುತ್ತೆ. ಆದರೆ ಇದು ಹೊಸಬರಿಗಲ್ಲ. ಒಂಬತ್ತು ಬಣ್ಣದ ತುದಿಗಳನ್ನ ಒಳಗೆ ಸೇರಿಸಿ ಮುಚ್ಚೋದಕ್ಕೇ ನನಗೆ ಇಡೀ ಒಂದು ಭಾನುವಾರ ಹೋಯಿತು. ಬೆಂಗಳೂರಿನಲ್ಲಿ ಅದನ್ನ ಹಾಕಿಕೊಳ್ಳೋಕೆ ಡಿಸೆಂಬರ್‌ನ ನಾಲ್ಕು ಬೆಳಗ್ಗೆ ಸಿಕ್ಕಾವು, ಅಷ್ಟೆ.

ಆನೆಯನ್ನ ನಾನಿನ್ನೂ ಬಿಟ್ಟಿಲ್ಲ. ಅಜ್ಜಿಯ ಹಳೇ ಕಸೂತಿ ಸೀರೆಯ ಸೆರಗಿನಿಂದ ಒಂದು ಆನೆ ಎಣಿಸಿಕೊಂಡಿದ್ದೀನಿ. 13 ಸ್ಟಿಚ್ ಅಗಲ, 13 ಸಾಲು, ಎಲ್ಲೂ ಐದಕ್ಕಿಂತ ಜಾಸ್ತಿ ಒಂದೇ ಬಣ್ಣ ಇಲ್ಲ. ಹೊಟ್ಟೆಯ ಮೇಲೆ ಜೂಲು ಹಾಸಿದ ಹಾಗೆ ಬಿಳಿ ಚುಕ್ಕಿ ಇಟ್ಟಿದ್ದಕ್ಕೆ ಹಿಂದಿನ ದಾರದ ಸಮಸ್ಯೆ ತಾನಾಗೇ ಬಗೆಹರಿಯಿತು. ಸೊಂಡಿಲು ಕೆಳಗೆ. ಕಣ್ಣು ಇಟ್ಟಿಲ್ಲ, ಒಂದು ‘ವಿ’ಯಲ್ಲಿ ಕಣ್ಣು ಬರೋದಿಲ್ಲ. ಎರಡು ಸಲ ಬಿಚ್ಚಿದ್ದಾಗಿದೆ, ಸದ್ಯಕ್ಕೆ ಹಿಂಗಾಲಿನಲ್ಲಿ ನಿಂತಿದ್ದೀನಿ.

ಕುರಿ ಟೋಪಿ ಅಕ್ಕನ ಮಗನ ತಲೆ ಮೇಲೆ ಎರಡು ತಿಂಗಳು ಇತ್ತು. ಈಗ ಅವನಿಗೆ ತಲೆ ಮೇಲೆ ಏನಿದ್ದರೂ ಆಗೋದಿಲ್ಲ, ಕಿತ್ತು ಎಸೀತಾನಂತೆ. ಒಗೆದ ಮೇಲೂ ಕುರಿಗಳೆಲ್ಲ ನೆಟ್ಟಗಿವೆ, ಹೂತುಹೋದ ಆ ಒಂದು ಸುತ್ತು ಮಾತ್ರ ಹಾಗೇ ಇದೆ ಅಂತ ಅಕ್ಕ ಫೋಟೋ ಕಳಿಸಿದ್ದಳು.