ಸಂಯುಕ್ತಾಕ್ಷರಗಳ ಒರೆಗಲ್ಲು ಮತ್ತು ಜಾನಪದ ಪಠ್ಯ

ದೇವನಾಗರಿಯ ಉಚಿತ ಅಕ್ಷರವಿನ್ಯಾಸಗಳನ್ನು ಪರೀಕ್ಷಿಸಲು ಐದು ವ್ಯಂಜನಗಳು ಒಂದುಗೂಡಿದ ‘ಕಾರ್ತ್ಸ್ನ್ಯ’ದಂತಹ ಪದವನ್ನು ಆಯ್ದುಕೊಳ್ಳುವುದು ಯುಕ್ತವೇ. ‘ಸಂಸ್ಕೃತ 2003’, ‘ಛಂದಸ್’ ಮೊದಲಾದ ವಿನ್ಯಾಸಗಳು ಇಂತಹ ಸಂಯುಕ್ತಗಳನ್ನು ವಿಪುಲವಾಗಿ ಒಳಗೊಂಡಿವೆ. ಇತರ ವಿನ್ಯಾಸಗಳಲ್ಲಿ ಸಂಯುಕ್ತರೂಪವಿಲ್ಲದ ಕಡೆ ಹಲಂತಚಿಹ್ನೆ ತೋರುತ್ತದೆ; ಓದು ತೊಡಕಾದರೂ ಯೂನಿಕೋಡ್ ಪಠ್ಯ ಕೆಡುವುದಿಲ್ಲ.

ಆದರೆ ಈ ಒರೆಗಲ್ಲು ಜಾನಪದ ಸಂಗ್ರಾಹಕನಿಗೆ ಸಾಲದು. ಹೊಳೆನರಸೀಪುರದ ಹಳೇಕೋಟೆ ಸೀಮೆಯನ್ನು ಒಳಗೊಂಡ ಹಳೆಯ ಮೈಸೂರಿನ ಆಡುನುಡಿಯಲ್ಲಿ ‘ಧರ್ಮ’ವು ‘ದರುಮ’ವಾಗಿ ಒತ್ತನ್ನು ಕಳೆದುಕೊಂಡರೆ, ‘ಕೋಟೆ’ ‘ಕ್ವಾಟೆ’ಯಾಗಿ, ‘ಬೇಡ’ ‘ಬ್ಯಾಡ’ವಾಗಿ ಒತ್ತನ್ನು ಪಡೆಯುತ್ತವೆ. ಸಂಯುಕ್ತಾಕ್ಷರವು ಸಂಸ್ಕೃತದ ಸ್ವತ್ತು ಮಾತ್ರವಲ್ಲ. ಉಚ್ಚಾರಣೆಯ ದಾಖಲೆಯೂ ಹೌದು.

ಕನ್ನಡದ ಮಟ್ಟಿಗೆ ಅಪಾಯ ಇನ್ನೂ ಆಳವಾದುದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಎಂಟು ಬಿಟ್ ವಿನ್ಯಾಸಗಳಲ್ಲಿ ಅಕ್ಷರಕ್ಕಲ್ಲ, ಅಕ್ಷರದ ಹಾಗೂ ಒತ್ತಿನ ಆಕಾರಗಳಿಗೆ ಸಂಕೇತಗಳಿದ್ದವು. ಆ ವಿನ್ಯಾಸವಿಲ್ಲದ ಗಣಕದಲ್ಲಿ ಹಾಡುಗಳ ಬೆರಳಚ್ಚು ಕಡತ ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವಾಗ ‘ಕ್ವಾ’ದ ವತ್ತು ಬಿದ್ದುಹೋದರೆ ಉಳಿಯುವುದು ‘ಕಾಟೆ’. ಹಾಡಿದವರು ತೀರಿಕೊಂಡ ಮೇಲೆ ಅದನ್ನು ತಿದ್ದುವವರಿಲ್ಲ.

ಒಂದು ಹಂತದಲ್ಲಿ ‘ರ್ಯ’ವನ್ನು ಅರ್ಕಾವತ್ತಿಲ್ಲದೆ ‘ರ‍್ಯ’ ಎಂದು ತೋರಿಸಲು ಅದೃಶ್ಯ ಸಂಕೇತವನ್ನು ಸೇರಿಸಬೇಕಾಗುತ್ತದೆ. ಓದುಗನಿಗೆ ಅದೇ ಪದ, ಗಣಕಕ್ಕೆ ಬೇರೆ. ಆದ್ದರಿಂದ ಪರೀಕ್ಷೆ ರೂಪದ ಚೆಲುವಿಗೆ ನಿಲ್ಲದೆ ಸಂಕೇತದ ನಿಷ್ಠೆಗೂ ಸಲ್ಲಬೇಕು. ಧ್ವನಿಮುದ್ರಣವನ್ನು ಪಕ್ಕದಲ್ಲಿಟ್ಟುಕೊಂಡೇ ಪರಿವರ್ತಿತ ಪಠ್ಯವನ್ನು ಒಪ್ಪಬೇಕು.