ಐಚ್ಛಿಕ ಅವಲಂಬನೆ: ಯಾರಿಗೆ ಐಚ್ಛಿಕ?

ಲಿನಕ್ಸ್ ತಂತ್ರಾಂಶಗಳನ್ನು ಪ್ಯಾಕೇಜುಗಳಾಗಿ ಕಟ್ಟುವವರ ಮುಂದೆ ಬರುವ ಪ್ರಶ್ನೆಗಳಲ್ಲಿ ಅಲ್ಪವೆಂದು ತೋರುವುದೊಂದುಂಟು. ಮುಖ್ಯ ತಂತ್ರಾಂಶದೊಡನೆ ಪರ್ಲ್ ಅಥವಾ ಪೈಥಾನ್ ಭಾಷೆಯ ಸಹಾಯಕ ಸ್ಕ್ರಿಪ್ಟೊಂದು ಸೇರಿರುತ್ತದೆ. ಅದನ್ನು ಬಳಸುವವರು ಕೆಲವರೇ. ಆ ಕೆಲವರಿಗಾಗಿ ಆ ಭಾಷೆಯ ಇಂಟರ್‌ಪ್ರಿಟರನ್ನು ಎಲ್ಲರ ಮೇಲೂ ಹೇರುವುದು ಯುಕ್ತವೇ?

ಆರ್‌ಪಿಎಂ ಪದ್ಧತಿಯು ಕಾರ್ಯಗತಗೊಳಿಸಬಹುದಾದ ಸ್ಕ್ರಿಪ್ಟಿನ ಮೊದಲ ಸಾಲನ್ನು ಓದಿ, ಅಲ್ಲಿ ಹೆಸರಿಸಿದ ಇಂಟರ್‌ಪ್ರಿಟರನ್ನು ಕಡ್ಡಾಯವೆಂದು ತಾನಾಗಿಯೇ ದಾಖಲಿಸುತ್ತದೆ. ಮರೆವಿಗೆ ಎಡೆಯಿಲ್ಲವೆಂಬುದು ಇದರ ಗುಣ. ಆದರೆ ಯಂತ್ರಕ್ಕೆ ಸ್ಕ್ರಿಪ್ಟಿನ ಅಗತ್ಯ ತಿಳಿದೀತೇ ಹೊರತು ಬಳಸುವವನ ಅಗತ್ಯ ತಿಳಿಯದು. 2014ರಲ್ಲಿ 4.12ನೆಯ ಆವೃತ್ತಿಯು ದುರ್ಬಲ ಅವಲಂಬನೆಗಳಿಗೆ ಅವಕಾಶವಿತ್ತ ಮೇಲೂ ಈ ವಿವೇಚನೆ ಮನುಷ್ಯನ ಪಾಲಿಗೇ ಉಳಿದಿದೆ.

ಡೆಬಿಯನ್ ಪದ್ಧತಿ ಈ ವಿವೇಚನೆಗೆ ಮೂರು ಮೆಟ್ಟಿಲುಗಳನ್ನು ಕಟ್ಟಿದೆ. ‘ಡಿಪೆಂಡ್ಸ್’ ಎಂದರೆ ಅದಿಲ್ಲದೆ ನಡೆಯದು. ‘ರೆಕಮೆಂಡ್ಸ್’ ಎಂದರೆ ಸಾಮಾನ್ಯವಾಗಿ ಜೊತೆಗಿರತಕ್ಕದ್ದು. ‘ಸಜೆಸ್ಟ್ಸ್’ ಎಂದರೆ ಇದ್ದರೆ ಒಳ್ಳೆಯದು. 2009ರ ಲೆನ್ನಿ ಆವೃತ್ತಿಯಿಂದ ಎರಡನೆಯದೂ ತಾನಾಗಿಯೇ ಸ್ಥಾಪಿತವಾಗುವುದರಿಂದ, ‘ಸಾಮಾನ್ಯ’ವೆಂಬ ಮಾತಿಗೆ ಬಹಳ ತೂಕ ಬಂದಿದೆ.

ಈ ಸಾಮಾನ್ಯವು ಯಾರ ಸಾಮಾನ್ಯ? ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟನ್ನು ನೋಡೋಣ. ಇಲ್ಲಿ ಐಚ್ಛಿಕವಾದದ್ದು ಸ್ಕ್ರಿಪ್ಟಲ್ಲ, ಭಾಷಾದತ್ತಾಂಶ. ಪ್ರಶ್ನೆ ಮಾತ್ರ ಅದೇ. ಡೆಬಿಯನ್‌ನಲ್ಲಿ ಅದರೊಡನೆ ಇಂಗ್ಲಿಷಿನ ದತ್ತಾಂಶ ಕಡ್ಡಾಯವಾಗಿ ಬರುತ್ತದೆ. ಕನ್ನಡದ್ದನ್ನು ಬೇರೆಯಾಗಿ ಕೇಳಿ ತರಿಸಬೇಕು. ನೂರಕ್ಕೂ ಮಿಕ್ಕ ಭಾಷೆಗಳನ್ನು ಎಲ್ಲರಿಗೂ ಹೊರಿಸುವುದು ಅವಿವೇಕವೆಂಬುದು ನಿಜ. ಆದರೆ ಆಲೂರು ತಾಲ್ಲೂಕಿನ ಮಗ್ಗೆಯಂತಹ ಮಲೆನಾಡಿನ ಊರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಗಣಕಕ್ಕೆ ಏರಿಸಹೊರಟವನಿಗೆ ಐಚ್ಛಿಕವಾದದ್ದು ಇಂಗ್ಲಿಷು, ಕನ್ನಡವೇ ಕಡ್ಡಾಯ. ಮಳೆಗಾಲದಲ್ಲಿ ಅಂತರ್ಜಾಲ ಸಂಪರ್ಕ ಕಡಿದ ದಿನ ಈ ವ್ಯತ್ಯಾಸ ಬರಿಯ ತರ್ಕವಾಗಿ ಉಳಿಯುವುದಿಲ್ಲ. ಅಂದಿನ ಕೆಲಸವೇ ನಿಲ್ಲುತ್ತದೆ.

ಆದ್ದರಿಂದ ವಿರಳವಾಗಿ ಬಳಕೆಯಾಗುವ ಸ್ಕ್ರಿಪ್ಟನ್ನು ಪ್ರತ್ಯೇಕ ಪ್ಯಾಕೇಜಾಗಿ ಕಟ್ಟಿ, ಇಂಟರ್‌ಪ್ರಿಟರನ್ನು ಅದಕ್ಕೆ ಮಾತ್ರ ಕಡ್ಡಾಯ ಮಾಡುವುದೇ ಉತ್ತಮ ಮಾರ್ಗ. ಅದಾಗದಿದ್ದಲ್ಲಿ, ಮುಖ್ಯ ತಂತ್ರಾಂಶವು ಸ್ಕ್ರಿಪ್ಟನ್ನು ಕರೆಯುವ ಮೊದಲು ಇಂಟರ್‌ಪ್ರಿಟರ್ ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ತರಿಸಬೇಕಾದ ಪ್ಯಾಕೇಜಿನ ಹೆಸರನ್ನು ಸ್ಪಷ್ಟವಾಗಿ ತಿಳಿಸಬೇಕು. ಕನ್ನಡದ ದತ್ತಾಂಶಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಐಚ್ಛಿಕವೆಂದು ಬಿಟ್ಟುದನ್ನು ಹೆಸರಿಸದೆ ಬಿಡುವುದು ಬಳಸುವವನಿಗೆ ಆಯ್ಕೆಯನ್ನು ಕೊಟ್ಟಂತಲ್ಲ. ಅವನಿಂದ ಅದನ್ನು ಮರೆಮಾಡಿದಂತೆ.