ಎದುರು ಕೂತ ಅರ್ಥಧಾರಿ

ಕವಿತೆ ನಮಗೆ ಹೇಗೆ ಅರ್ಥವಾಯಿತು ಎಂಬುದನ್ನು ಬರೆದೇ ತಿಳಿಸಬೇಕು ಎಂಬ ಕಟ್ಟುಪಾಡು ಈಗ ಸಡಿಲವಾಗಿದೆ. ಕವನಕ್ಕೆ ದನಿ ಕೊಟ್ಟು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರಿದ್ದಾರೆ. ಫೋಟೋ ಜೋಡಿಸಿ ಪುಟ್ಟ ವಿಡಿಯೋ ಮಾಡುವವರಿದ್ದಾರೆ. 'ಇದನ್ನು ಓದಿದಾಗ ನನ್ನಜ್ಜಿ ನೆನಪಾದಳು' ಎಂದು ಶುರುಮಾಡಿ ಅಜ್ಜಿಯ ಕಥೆಯಲ್ಲೇ ಮುಗಿಸುವವರೂ ಇದ್ದಾರೆ. ಊರು ಬಿಟ್ಟು ಬಂದ ನಮ್ಮಂಥವರಲ್ಲಿ ಇದು ಇನ್ನೂ ಹೆಚ್ಚು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಪುಸ್ತಕ ಬಿಡಿಸುವುದು ಕಷ್ಟ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ಸುಲಭ. ಇದನ್ನೆಲ್ಲ ವಿಮರ್ಶೆ ಅನ್ನಬಹುದೇ ಎಂದು ಕೆಲವರು ಹುಬ್ಬೇರಿಸುತ್ತಾರೆ. ಅನ್ನಬಹುದು ಎಂಬುದು ನನ್ನ ಉತ್ತರ. ಆದರೆ ಒಂದು ಷರತ್ತಿದೆ. ಆ ಷರತ್ತು ನಾನು ಮಾಡಿದ್ದಲ್ಲ, ನಮ್ಮ ಪರಂಪರೆಯಲ್ಲೇ ಇದೆ.

ಗಮಕವನ್ನು ನೆನೆಸಿಕೊಳ್ಳಿ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಒಬ್ಬರು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ದ್ರೌಪದಿಯ ಮಾತಿಗೆ ಯಾವ ರಾಗ, ಎಲ್ಲಿ ನಿಲುಗಡೆ, ಯಾವ ಪದವನ್ನು ಎರಡನೇ ಸಲ ಹೇಳಬೇಕು ಎಂದು ಗಮಕಿ ತೀರ್ಮಾನಿಸಿದಾಗಲೇ ಅರ್ಧ ವಿಮರ್ಶೆ ಆಗಿಹೋಗಿರುತ್ತದೆ. ವ್ಯಾಖ್ಯಾನಕಾರರು ಊರಿನ ಜಗಳ, ತಮ್ಮ ಮನೆಯ ಸುದ್ದಿ ಎಲ್ಲವನ್ನೂ ಅದಕ್ಕೆ ಸೇರಿಸಬಲ್ಲರು. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಗೌರವ ಸಂದದ್ದು ಓದಿನ ಇಂಥದೊಂದು ಬಗೆಗೂ ಹೌದು.

ಕರಾವಳಿಯವರು ಮುಂಬೈಗೂ ಹೊತ್ತು ತಂದ ತಾಳಮದ್ದಳೆ ಇನ್ನೂ ಒಂದು ಹೆಜ್ಜೆ ಮುಂದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ, ಅಲ್ಲಲ್ಲೇ ಹುಟ್ಟಬೇಕು. ಇಷ್ಟು ಸ್ವಾತಂತ್ರ್ಯವಿದ್ದೂ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿ ದಕ್ಕಿಸಿಕೊಳ್ಳುವಂತಿಲ್ಲ, ಏಕೆಂದರೆ ಎದುರಿಗೆ ಇನ್ನೊಬ್ಬ ಅರ್ಥಧಾರಿ ಕೂತಿರುತ್ತಾನೆ. ರಾಮ ಎಷ್ಟು ಚೆಂದ ಮಾತಾಡಿದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳಿಯೇ ಕೇಳುತ್ತಾನೆ. ನಾನು ಹೇಳಿದ ಷರತ್ತು ಇದೇ: ಹಾಡಿ, ತೋರಿಸಿ, ನಿಮ್ಮ ಕಥೆ ಹೇಳಿ, ಆದರೆ ಪಠ್ಯ ಎದ್ದು ಒಂದು ಪ್ರಶ್ನೆ ಕೇಳಿದರೆ ಉತ್ತರಿಸುವಂತಿರಬೇಕು.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ಬೇಂದ್ರೆಯವರ ಕವನವೊಂದಿದೆ. ಮಗು ತೀರಿಕೊಂಡ ಮನೆಯಲ್ಲಿ ಗಂಡ ಹೆಂಡತಿಯ ನೋಟವನ್ನು ಎದುರಿಸಲಾಗದೆ, ಹಾಗೆ ನೋಡಬೇಡವೆಂದು ಬೇಡಿಕೊಳ್ಳುವ ಕವನ. ಹೆಸರು ಹೇಳದಿದ್ದರೂ ನಿಮಗೆ ಗೊತ್ತಾಗಿರುತ್ತದೆ. ಸುಗಮ ಸಂಗೀತದ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹಾಡು ಇದು, ಮತ್ತು ಎಷ್ಟೋ ಜನ ಅದನ್ನು ಪ್ರೇಮಗೀತೆ ಎಂದೇ ತಿಳಿದಿದ್ದಾರೆ.

ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಓದುತ್ತೇವೆ. ಒಮ್ಮೆ ಈ ಕವನದ ಸರದಿ ಬಂತು. ನಮ್ಮಲ್ಲಿ ಅತಿ ಕಿರಿಯವನಾದ ಮೈಸೂರಿನ ಹುಡುಗನೊಬ್ಬ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಮಾಡಿಕೊಂಡು ಬಂದಿದ್ದ. ಹಿನ್ನೆಲೆಯಲ್ಲಿ ಹಾಡು, ಪರದೆಯ ಮೇಲೆ ಸಮುದ್ರ, ಸಂಜೆ, ಬೆನ್ನು ತಿರುಗಿಸಿ ಕೂತ ಜೋಡಿ. ಮುನಿಸಿಕೊಂಡ ಪ್ರೇಮಿಗಳ ಕಥೆಯಾಗಿ ಅವನು ಕವನವನ್ನು ಓದಿದ್ದ.

ನಕ್ಕು ತಳ್ಳಿಹಾಕುವಂಥ ಓದಲ್ಲ ಅದು. ಹಾಗೆ ಕೇಳಿಸಲು ಕವನದಲ್ಲೇ ಕಾರಣವಿದೆ. ನಡುವೆ ಒಂದು ಕಡೆ ಗಂಡ ಹೆಂಡತಿಯ ತುಟಿಯ ಕೆಂಪನ್ನು ಗಿಳಿ ಕಚ್ಚಿದ ಹಣ್ಣಿಗೆ ಹೋಲಿಸುತ್ತಾನೆ. ಹೋಲಿಕೆಯನ್ನಷ್ಟೇ ಕೇಳಿದವರಿಗೆ ಅದು ಶೃಂಗಾರವೇ. ಆದರೆ ಆ ಬಣ್ಣ ಈಗ ಇಲ್ಲ, ಎತ್ತ ಹೋಯಿತು ಎಂಬುದು ಅವನ ಪ್ರಶ್ನೆ. ಹಾಡುಗಾರ ಕೆಂಪಿನ ಮೇಲೆ ಆಲಾಪ ಎಳೆದು, ಬಣ್ಣ ಹಾರಿಹೋದದ್ದನ್ನು ಸರಕ್ಕನೆ ದಾಟಿದರೆ ಒಂದಕ್ಷರವೂ ಬದಲಾಗದೆ ಶೋಕಗೀತೆ ಪ್ರೇಮಗೀತೆಯಾಗುತ್ತದೆ. ಒಂದು ಧಾಟಿ ಕವನಕ್ಕೆ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ವಿಡಿಯೋ ಮುಗಿದ ಮೇಲೆ ಧಾರವಾಡ ಕಡೆಯ ಹಿರಿಯರೊಬ್ಬರು ಮಾತಾಡಿದರು. ನಾವೆಲ್ಲ ಅವರನ್ನು ಅಕ್ಕಾರ ಎನ್ನುತ್ತೇವೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಛಂದ ಮಾಡೀಯಪ್ಪಾ. ಆದ್ರ ಹಗಲ ಹೊತ್ನ್ಯಾಗ ಚಂದ್ರನ ಹೆಣ ತೇಲತದಲ್ಲ, ಅದಕ್ಕ ಯಾವ ಫೋಟೋ ಹಾಕೀದಿ?" ಎಂದರು. ಹುಡುಗ ತಡವರಿಸಿದ. "ಅಲ್ಲೂ ಸಮುದ್ರಾನೇ ಇದೆ ಆಂಟಿ" ಎಂದ. ಎದುರು ಕೂತ ಅರ್ಥಧಾರಿ ಕೇಳುವಂಥ ಪ್ರಶ್ನೆ ಅದು. ಮುನಿಸಿನ ಕಥೆಯಲ್ಲಿ ಹೆಣಕ್ಕೆ ಜಾಗವಿಲ್ಲ.

ಆಮೇಲೆ ಅಕ್ಕಾರ ತಮ್ಮ ಕಥೆ ಹೇಳಿದರು. ಮದುವೆಯಾಗಿ ಈ ಊರಿಗೆ ಬಂದ ಮೂರನೇ ವರ್ಷ ಅವರ ಹನ್ನೊಂದು ತಿಂಗಳ ಮಗ ಜ್ವರದಲ್ಲಿ ಹೋದ. ಊರಿನಿಂದ ಯಾರೂ ಬಂದು ಮುಟ್ಟಿರಲಿಲ್ಲ. ಒಂದೇ ಕೋಣೆಯ ಚಾಳಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. "ನಾ ಅವರನ್ನ ಸಿಟ್ಟಿಲೆ ನೋಡಿದ್ದಿಲ್ಲರಿ. ಖರೇ ಹೇಳ್ಬೇಕಂದ್ರ ನನಗ ಅವ್ರು ಕಾಣಿಸ್ತಿದ್ದೇ ಇಲ್ಲ. ಕಣ್ಣು ಆ ಕಡೆ ಇದ್ದೂ ಅಷ್ಟ. ಆದ್ರ ಅವ್ರು ಏನ ತಿಳಕೊಂಡ್ರೋ ಏನೋ, ಎರಡು ವರ್ಷ ನನಗ ಮುಖಾ ಕೊಟ್ಟು ಮಾತಾಡ್ಲಿಲ್ಲ."

ಇಲ್ಲಿಗೇ ನಿಂತಿದ್ದರೆ ಅದು ಕವನದ ನೆಪದಲ್ಲಿ ಹೇಳಿದ ಒಂದು ದುಃಖದ ಕಥೆ ಮಾತ್ರ ಆಗುತ್ತಿತ್ತು. ಆದರೆ ಅವರ ಮಾತು ನಮ್ಮನ್ನು ಮತ್ತೆ ಪುಸ್ತಕಕ್ಕೆ ಕಳಿಸಿತು. ಆ ಕವನದಲ್ಲಿ ಹೆಂಡತಿ ಒಂದು ಮಾತನ್ನೂ ಆಡುವುದಿಲ್ಲ. ಆಕೆಯ ನೋಟದಲ್ಲಿ ಏನಿದೆ ಎಂದು ನಮಗೆ ಗೊತ್ತಾಗುವುದು ಗಂಡನ ಬಾಯಿಂದ ಮಾತ್ರ. ಅದು ಆಪಾದನೆಯೋ, ಮೊರೆಯೋ, ಬರೀ ಶೂನ್ಯವೋ? ಅತ್ತುಬಿಡು, ನಗುವಿನಲ್ಲಿ ಮುಚ್ಚಿಡಬೇಡ, ತುಟಿ ಕಚ್ಚಿ ಬಿಕ್ಕನ್ನು ತಡೆಯಬೇಡ ಎಂದು ಅವನು ಅಂಗಲಾಚುತ್ತಾನೆ. ಆಕೆಯ ಮುಖವೆಂಬ ಪಠ್ಯವನ್ನು ಓದಲಾರದೆ ಒದ್ದಾಡುವವನು ಅವನು. ಕವಿಯ ಬದುಕಿನ ದುಃಖ ಎಂದು ಸಾಮಾನ್ಯವಾಗಿ ಓದುವ ಈ ಕವನ, ಒಬ್ಬರ ದುಃಖ ಇನ್ನೊಬ್ಬರಿಗೆ ಓದಲು ಸಿಗದೇ ಹೋಗುವ ಸಂಕಟದ ಕವನವೂ ಹೌದು ಎಂದು ಅವತ್ತು ಕಂಡಿತು. ಪಾಂಡಿತ್ಯ ಕಾಣಿಸದಿದ್ದದ್ದನ್ನು ಒಬ್ಬ ತಾಯಿಯ ಅನುಭವ ಕಾಣಿಸಿತು. ಮುಖ್ಯವೆಂದರೆ, ಅದನ್ನು ಕವನದ ಮೇಲೆ ಬೆರಳಿಟ್ಟು ತೋರಿಸಲು ಬರುತ್ತದೆ. ಅಕ್ಕಾರರ ಪರಿಚಯವಿಲ್ಲದವರೂ ಪುಸ್ತಕ ತೆರೆದು ಅದನ್ನು ಪರೀಕ್ಷಿಸಬಹುದು.

ಅಂದರೆ ಇದು ಮಾಧ್ಯಮ ಮತ್ತು ಅನುಭವಗಳ ನಡುವಿನ ಜಗಳವಲ್ಲ. ಸ್ವಂತ ಕಥೆಯೂ ದಾರಿ ತಪ್ಪಿಸಬಲ್ಲದು, ಚಿತ್ರವೂ ದಾರಿ ತೋರಬಲ್ಲದು. 1967ರಲ್ಲಿ ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ'ದಲ್ಲಿ ಬೇಂದ್ರೆಯವರ 'ಬೆಳಗು' ಕವನವನ್ನು ಬಳಸಿದರು. ವಿಜಯಭಾಸ್ಕರ್ ಅವರ ಸಂಗೀತ, ಎಸ್. ಜಾನಕಿಯವರ ದನಿ. ಪುಸ್ತಕ ಮುಟ್ಟದ ಸಾವಿರಾರು ಮನೆಗಳಿಗೆ ಆ ಕವನ ಹೋದದ್ದು ಹಾಗೆ. ಆದರೆ ಕವನವೋ ಕಣ್ಣಿಗೆ ಕಾಣುವ ಬೆಳಕಿನಿಂದ ಹೊರಟು ಕಿವಿ, ಮೂಗು, ನಾಲಗೆ, ಮೈಯನ್ನೆಲ್ಲ ಎಬ್ಬಿಸಿ, ಕೊನೆಗೆ ಬೆಳಗೆಂಬ ಹೆಸರೇ ಸಾಲದ ಕಡೆ ಹೋಗಿ ನಿಲ್ಲುತ್ತದೆ. ಅದನ್ನು ಕ್ಯಾಮೆರಾ ಹೇಗೆ ತೋರಿಸೀತು? ಸಿನಿಮಾದ ಹಾಡು ಕೇಳಿ ಕವನಕ್ಕೆ ಬಂದವರಿಗೆ ಈ ಪ್ರಶ್ನೆ ಹುಟ್ಟಿದರೆ ಹಾಡು ತನ್ನ ಕೆಲಸ ಮಾಡಿದಂತೆ. ಹಾಡಿನಲ್ಲೇ ಕವನ ಮುಗಿಯಿತು ಎಂದುಕೊಂಡರೆ ನಷ್ಟ ಕೇಳುಗನದು.

ಬೇಂದ್ರೆಯವರನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. ಅವರ ಮನೆಮಾತು ಮರಾಠಿ. 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕನ್ನಡ ಕಲಿಸಿದರು, 1981ರಲ್ಲಿ ತೀರಿಕೊಂಡದ್ದು ಮುಂಬೈಯಲ್ಲಿ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಅವರು ದೂರದವರಲ್ಲ. ಆದರೆ ಅವರ ಧಾರವಾಡದ ಮಾತು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮುದ್ರಿತ ಪುಟದಲ್ಲಿ ಮೂಕವಾಗಿಯೇ ಉಳಿಯುತ್ತದೆ. ಆ ಮಾತಿನ ಏರಿಳಿತ ಕಿವಿಗೆ ಬಿದ್ದರೆ ಮಾತ್ರ ಅದು ಅವರಿಗೆ ಜೀವಂತ. ಹೀಗಾಗಿ ನಮ್ಮ ಪಾಲಿಗೆ ದನಿಮುದ್ರಣ ಎನ್ನುವುದು ಶೋಕಿಯಲ್ಲ, ಕನ್ನಡ ಓದು ಮುಂದಿನ ತಲೆಮಾರಿಗೆ ಉಳಿಯುವ ಒಂದು ದಾರಿ.

ಆದ್ದರಿಂದ ಮಾಡುವವರು ಮಾಡಲಿ. ಕಳಿಸಿದ ಹಾಡಿಗೂ ವಿಡಿಯೋಗೂ ಹೃದಯದ ಚಿಹ್ನೆ ಒತ್ತಿ ಸುಮ್ಮನಾಗುವ ನಾವು ಮಾತ್ರ ಆ ಅಭ್ಯಾಸ ಬಿಡಬೇಕು. 'ಚೆನ್ನಾಗಿದೆ' ಎಂದ ಮೇಲೆ ಇನ್ನೊಂದು ವಾಕ್ಯ ಬರೆಯೋಣ: ಈ ಪದಕ್ಕೆ ನಿಮ್ಮ ಓದಿನಲ್ಲಿ ಜಾಗ ಎಲ್ಲಿ? ಮೈಸೂರಿನ ಆ ಹುಡುಗ ಈಗ ಅದೇ ಕವನಕ್ಕೆ ಎರಡನೇ ವಿಡಿಯೋ ಮಾಡುತ್ತಿದ್ದಾನೆ. ಈ ಸಲ ಅಕ್ಕಾರರ ದನಿಯಲ್ಲಿ ಕವನದ ಓದು ಮಾತ್ರ ಇರುತ್ತದಂತೆ, ಫೋಟೋ ಒಂದೂ ಇಲ್ಲವಂತೆ. ಅದಕ್ಕೂ ನಮ್ಮ ಬಳಿ ಪ್ರಶ್ನೆಗಳಿವೆ.